ಹೆಲ್ಮೆಟ್ ಹೊರಗೆ ಬರೀ ಗೀರು, ಒಳಗೆ ಏನಾಗಿರುತ್ತೆ?

ಘಟ್ಟದ ಮೇಲಿನವ (ಶಿರಸಿ)

ಎಲ್ಲರಿಗೂ ನಮಸ್ಕಾರ. ಹೋದ ವಾರ ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಬೈಕ್ ಜಾರಿತು. ಮಳೆ, ಜೊತೆಗೆ ಕೆಂಪು ರಾಡಿ. ಸ್ಪೀಡ್ ಜಾಸ್ತಿ ಇರಲಿಲ್ಲ. ಮೊಣಕೈ ತರಚಿತು, ತಲೆ ಹೋಗಿ ರಸ್ತೆ ಬದಿಯ ಕಲ್ಲಿಗೆ ಬಡಿಯಿತು. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಆಸ್ಪತ್ರೆಯಲ್ಲೂ ನೋಡಿ ಕಳಿಸಿದರು.

ಈಗ ಪ್ರಶ್ನೆ ಇರೋದು ಹೆಲ್ಮೆಟ್ ಬಗ್ಗೆ. ಬಲಗಡೆ ಒಂದು ಗೀರು ಬಿಟ್ಟರೆ ಏನೂ ಕಾಣುವುದಿಲ್ಲ. ಗಾಜು ಸರಿ ಇದೆ, ಬಕಲ್ ಸರಿ ಇದೆ. ಒಂದು ಅಂಗಡಿಯಲ್ಲಿ ತೋರಿಸಿದೆ. "ಏನೂ ಆಗಿಲ್ಲ, ಪೇಂಟ್ ಹೊಡೆಸಿ" ಅಂದರು. ಗೆಳೆಯ ಎಸೆದುಬಿಡು ಅನ್ನುತ್ತಾನೆ. ನಮ್ಮ ಭಾವ "ಎಸೆಯೋದಾದ್ರೆ ನಂಗೆ ಕೊಡು" ಅಂತ ಕಾಯುತ್ತಿದ್ದಾನೆ. ತೆಗೆದುಕೊಂಡು ವರ್ಷ ಆಗಿಲ್ಲ, 1,800 ರೂಪಾಯಿ. ಏನು ಮಾಡಲಿ?

ಅಂಕೋಲೆ ಹುಡುಗ

ಒಡೆದಿಲ್ಲ ಅಂದ್ರೆ ಒಳ್ಳೆ ಮಾಲು ಅಂತಲೇ ಅರ್ಥ, ಅಲ್ವಾ? ಹೆಲ್ಮೆಟ್ ಮೇಲೆ ಕಾರು ಹತ್ತಿಸಿದರೂ ಏನೂ ಆಗದ ವಿಡಿಯೋ ನೋಡಿದ್ದೇನೆ. ಅಂಥ ಗಟ್ಟಿ ಹೆಲ್ಮೆಟ್ ಆಗಿದ್ದರೆ ಇನ್ನೂ ಹತ್ತು ವರ್ಷ ಹಾಕಿ. ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀರಿ.

ಮಾಸ್ತರ್ (ಕಾರವಾರ)

ನಾನು ಡಿಪ್ಲೊಮಾ ಹುಡುಗರಿಗೆ ಮೆಕ್ಯಾನಿಕಲ್ ಕಲಿಸುವವನು. ಈ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅಂಕೋಲೆ ತಮ್ಮಾ, ಕಾರು ಹತ್ತಿಸುವ ವಿಡಿಯೋ ಹೊರಗಿನ ಚಿಪ್ಪಿನ ಬಲ ತೋರಿಸುತ್ತದೆ ಅಷ್ಟೇ. ಕಾರಿನ ಚಕ್ರ ನಿಧಾನ ಹತ್ತುತ್ತದೆ, ಭಾರ ನಿಧಾನ ಬೀಳುತ್ತದೆ. ಬಿದ್ದಾಗ ತಲೆಗೆ ಆಗುವುದು ಅದಲ್ಲ. ಓಡುತ್ತಿರುವ ತಲೆ ಗಕ್ಕನೆ ನಿಲ್ಲುತ್ತದೆ. ಪೆಟ್ಟು ಅಂದರೆ ಆ ನಿಲ್ಲುವಿಕೆ. ತಲೆ ಎಷ್ಟು ದೂರದಲ್ಲಿ ನಿಂತಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಒಂದು ಸುಲಭ ಲೆಕ್ಕ ಇದೆ. ತಲೆ ಬಿದ್ದ ಎತ್ತರವನ್ನು, ತಲೆ ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಬರುವ ಉತ್ತರವೇ ಸರಾಸರಿ ಎಷ್ಟು "ಜಿ" ಪೆಟ್ಟು ಅನ್ನುವುದು. ಒಂದು ಜಿ ಅಂದರೆ ನಮ್ಮ ಮಾಮೂಲಿ ತೂಕ. ಬೈಕ್ ಮೇಲೆ ಕೂತವರ ತಲೆ ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿ ಇರುತ್ತದೆ. ಬರಿತಲೆ ಕಲ್ಲಿಗೆ ಬಡಿದರೆ ಚರ್ಮ, ಬುರುಡೆ ಸೇರಿ ಬಿಟ್ಟುಕೊಡುವ ಜಾಗ ಉದಾರವಾಗಿ ಹಿಡಿದರೂ 5 ಮಿಲಿಮೀಟರ್. 1500 ಭಾಗಿಸು 5, ಅಂದರೆ 300 ಜಿ. ಐದು ಕೆಜಿ ತಲೆ ಆ ಕ್ಷಣಕ್ಕೆ ಒಂದೂವರೆ ಟನ್ ತೂಗುತ್ತದೆ. ಅದೇ ಹೆಲ್ಮೆಟ್ಟಿನೊಳಗೆ ತಲೆಗೆ 25 ಮಿಲಿಮೀಟರ್ ಸಿಕ್ಕಿತು ಅನ್ನಿ. 1500 ಭಾಗಿಸು 25, ಅಂದರೆ 60 ಜಿ. ಐದು ಪಟ್ಟು ಕಡಿಮೆ. ಮಧ್ಯೆ ಇದ್ದದ್ದು ಎರಡು ಸೆಂಟಿಮೀಟರ್ ಮಾತ್ರ.

ಆ ಎರಡು ಸೆಂಟಿಮೀಟರ್ ಕೊಡುವುದು ಹೊರಗಿನ ಚಿಪ್ಪಲ್ಲ. ಒಳಗಿನ ಥರ್ಮೊಕೋಲ್.

ಅಂಕೋಲೆ ಹುಡುಗ

ಥರ್ಮೊಕೋಲಾ? ಗಣಪತಿ ಮಂಟಪಕ್ಕೆ ಹಾಕ್ತಾರಲ್ಲ, ಅದೇ ಥರ್ಮೊಕೋಲಾ?

ಮಾಸ್ತರ್ (ಕಾರವಾರ)

ಅದೇ ಜಾತಿ. ಇಪಿಎಸ್ ಅನ್ನುತ್ತಾರೆ, ಹಿಗ್ಗಿಸಿದ ಪಾಲಿಸ್ಟೈರಿನ್. ಸಣ್ಣ ಸಣ್ಣ ಪ್ಲಾಸ್ಟಿಕ್ ಕಾಳುಗಳ ಒಳಗೆ ಪೆಂಟೇನ್ ಅನ್ನುವ, ಬೇಗ ಆವಿಯಾಗುವ ದ್ರವ ಸೇರಿಸಿರುತ್ತಾರೆ. ಆವಿ ಕೊಟ್ಟಾಗ ಕಾಳು ಹತ್ತಾರು ಪಟ್ಟು ಉಬ್ಬುತ್ತದೆ. ಉಬ್ಬಿದ ಕಾಳನ್ನು ಅಚ್ಚಿಗೆ ತುಂಬಿ ಮತ್ತೆ ಆವಿ ಕೊಟ್ಟರೆ ಒಂದಕ್ಕೊಂದು ಅಂಟುತ್ತದೆ. ಹೆಚ್ಚಿನ ಭಾಗ ಬರೀ ಗಾಳಿ. ಮಂಟಪದ್ದು ತೀರಾ ಹಗುರ. ಹೆಲ್ಮೆಟ್ಟಿನದು ಅದಕ್ಕಿಂತ ಒತ್ತಾಗಿರುತ್ತದೆ, ಒಂದು ಲೀಟರ್ ಗಾತ್ರಕ್ಕೆ ಸುಮಾರು 30ರಿಂದ 90 ಗ್ರಾಂ. ಒಳ್ಳೆ ಹೆಲ್ಮೆಟ್ಟಿನಲ್ಲಿ ನೆತ್ತಿಗೆ ಒಂದು ಸಾಂದ್ರತೆ, ಪಕ್ಕಕ್ಕೆ ಇನ್ನೊಂದು.

ಇದರ ಗುಣ ನೋಡಿ. ಒತ್ತಿದರೆ ಮೊದಲು ತಡೆಯುತ್ತದೆ. ಒಂದು ಹಂತ ದಾಟಿದ ಮೇಲೆ ಕಾಳಿನ ಗೋಡೆಗಳು ಮಡಚಿ ಮುರಿಯುತ್ತಾ ಹೋಗುತ್ತವೆ. ಆ ಹೊತ್ತಿಗೆ ಅದು ತಲೆಯ ಮೇಲೆ ಹಾಕುವ ಬಲ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಬೇಕಾದದ್ದು ಇದೇ. ಆದರೆ ಮೂಲ ದಪ್ಪದ ಮೂರರಲ್ಲಿ ಎರಡು ಪಾಲು ಜಜ್ಜಿಹೋದ ಮೇಲೆ ಗಾಳಿ ಮುಗಿಯಿತು. ಅಲ್ಲಿಂದ ಮುಂದೆ ಅದು ಗಟ್ಟಿ ಪ್ಲಾಸ್ಟಿಕ್. ಬಲ ಒಮ್ಮೆಲೇ ಏರುತ್ತದೆ.

ಇನ್ನೂ ಮುಖ್ಯ, ಜಜ್ಜಿದ್ದು ವಾಪಸ್ ಏಳುವುದಿಲ್ಲ. ಪೆಟ್ಟಿನ ಶಕ್ತಿಯನ್ನು ತಿಂದು ತಾನು ಸಾಯುತ್ತದೆ. ಸ್ಪಂಜ್ ಹಾಕಿದ್ದರೆ ಮೆತ್ತಗೆ ಇರುತ್ತಿತ್ತು, ಆದರೆ ತಲೆ ಸೀದಾ ತಳ ಮುಟ್ಟುತ್ತಿತ್ತು, ಉಳಿದ ಶಕ್ತಿಯಲ್ಲಿ ತಲೆಯನ್ನು ವಾಪಸ್ ಚಿಮ್ಮಿಸುತ್ತಿತ್ತು. ಕೆನ್ನೆಗೆ ತಾಗುವ ಮೆತ್ತನೆ ಬಟ್ಟೆ ಪ್ಯಾಡ್ ಇದೆಯಲ್ಲ, ಅದು ಕೂರುವಿಕೆಗೆ ಮತ್ತು ಆರಾಮಕ್ಕೆ. ಪೆಟ್ಟಿನ ಲೆಕ್ಕದಲ್ಲಿ ಅದರ ಪಾತ್ರ ತೀರಾ ಸಣ್ಣದು. ಅಂಗಡಿಯಲ್ಲಿ ಎಲ್ಲರೂ ಒತ್ತಿ ನೋಡುವುದು ಮಾತ್ರ ಅದನ್ನೇ!

ತೋಟದ ಹೆಗಡೆ (ಸಿದ್ದಾಪುರ)

ಅಂದರೆ ತೆಂಗಿನಕಾಯಿ ಸಿಪ್ಪೆಯ ಕೆಲಸ ಅನ್ನಿ. ಸಿಪ್ಪೆ ಸಹಿತ ಮರದಿಂದ ಬಿದ್ದ ಕಾಯಿ ಒಡೆಯುವುದಿಲ್ಲ. ಸುಲಿದ ಕಾಯಿ ಕೈಜಾರಿ ಅಂಗಳದ ಕಲ್ಲಿಗೆ ಬಿದ್ದರೆ ಅಲ್ಲೇ ಎರಡು ಹೋಳು.

ಮಾಸ್ತರ್ (ಕಾರವಾರ)

ಹೆಗಡೆಯವರೇ, ಸರಿಯಾಗಿ ಹೇಳಿದಿರಿ. ವ್ಯತ್ಯಾಸ ಒಂದೇ. ನಾರು ಸ್ವಲ್ಪ ವಾಪಸ್ ಏಳುತ್ತದೆ, ಥರ್ಮೊಕೋಲ್ ಏಳುವುದಿಲ್ಲ.

ಹಾಗಾದರೆ ಚಿಪ್ಪು ಯಾಕೆ ಅಂತ ಯಾರಾದರೂ ಕೇಳುತ್ತೀರಿ. ಅದಕ್ಕೆ ಬೇರೆ ಕೆಲಸಗಳಿವೆ. ಚೂಪು ಕಲ್ಲು ಒಳಗೆ ಚುಚ್ಚದಂತೆ ತಡೆಯುವುದು. ಒಂದು ಬಿಂದುವಿಗೆ ಬಿದ್ದ ಪೆಟ್ಟನ್ನು ಅಗಲ ಜಾಗಕ್ಕೆ ಹರಡುವುದು, ಹಾಗಾದಾಗ ಜಾಸ್ತಿ ಥರ್ಮೊಕೋಲ್ ಕೆಲಸಕ್ಕೆ ಬರುತ್ತದೆ. ಡಾಂಬರಿನ ಮೇಲೆ ಸಿಕ್ಕಿಹಾಕಿಕೊಳ್ಳದೆ ಜಾರುವುದು. ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನ ಚಿಪ್ಪು ಬಾಗಿ ವಾಪಸ್ ಬರುತ್ತದೆ. ಅದಕ್ಕೇ ಹೊರಗೆ ಗೀರು ಮಾತ್ರ ಉಳಿಯುತ್ತದೆ, ಒಳಗೆ ಏನಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಫೈಬರ್ ಗ್ಲಾಸ್ ಚಿಪ್ಪಾದರೆ ಪದರ ಬಿಟ್ಟು, ಎಳೆ ಮುರಿದು ತಾನೂ ಒಂದಿಷ್ಟು ಶಕ್ತಿ ತಿನ್ನುತ್ತದೆ.

ಘಟ್ಟದ ಮೇಲಿನವರೇ, ನಿಮ್ಮ ಉತ್ತರ ಇಲ್ಲಿದೆ. ಕಲ್ಲಿಗೆ ಬಡಿದಿದೆ, ಒಳಗೆ ತಲೆ ಇತ್ತು. ಆ ಹೆಲ್ಮೆಟ್ ತನ್ನ ಕೆಲಸ ಮುಗಿಸಿದೆ. ಹೊಸದು ತೆಗೆದುಕೊಳ್ಳಿ. ಭಾವನಿಗೆ ಕೊಡಬೇಡಿ. ಪಟ್ಟಿ ಕತ್ತರಿಸಿ ಎಸೆಯಿರಿ, ಬೇರೆ ಯಾರೂ ಎತ್ತಿಕೊಂಡು ಹಾಕಿಕೊಳ್ಳಬಾರದು.

ಘಟ್ಟದ ಮೇಲಿನವ (ಶಿರಸಿ)

ಭಾವನಿಗೆ ಹೇಳಿದೆ. ಮುಖ ಊದಿಸಿಕೊಂಡಿದ್ದಾನೆ. ಒಳಗಿನ ಪ್ಯಾಡ್ ಕಿತ್ತು ನೋಡಿದರೆ ಗೊತ್ತಾಗುತ್ತದಾ?

ಇನ್ನೊಂದು, ಮನೆಯಲ್ಲಿ ಹಳೆಯದೊಂದು ಇದೆ. ಅದು ಮೇಜಿನಿಂದ ನೆಲಕ್ಕೆ ಬಿದ್ದಿತ್ತು. ಅದನ್ನೂ ಎಸೆಯಬೇಕಾ?

ಮಾಸ್ತರ್ (ಕಾರವಾರ)

ಬಿರುಕು ಕಂಡರೆ, ಒಂದು ಕಡೆ ತಗ್ಗಾಗಿ ಹೊಳೆಯುತ್ತಿದ್ದರೆ ಹೋಯಿತು ಅಂತ ಖಾತ್ರಿ. ಏನೂ ಕಾಣದಿದ್ದರೆ ಸರಿ ಇದೆ ಅಂತ ಹೇಳಲು ಬರುವುದಿಲ್ಲ. ಜಜ್ಜಿದ್ದು ಹೆಚ್ಚಾಗಿ ಚಿಪ್ಪಿಗೆ ತಾಗಿದ ಮಗ್ಗುಲಲ್ಲಿ ಇರುತ್ತದೆ, ನಮಗೆ ಕಾಣುವ ಮಗ್ಗುಲಲ್ಲಿ ಅಲ್ಲ.

ಮೇಜಿನಿಂದ ಬಿದ್ದದ್ದರ ಬಗ್ಗೆ ಅಷ್ಟು ಹೆದರಬೇಡಿ. ಖಾಲಿ ಹೆಲ್ಮೆಟ್ ಬಿದ್ದಾಗ ಒಳಗೆ ಐದು ಕೆಜಿ ತಲೆ ಇರುವುದಿಲ್ಲ. ಥರ್ಮೊಕೋಲನ್ನು ಜಜ್ಜಲು ಯಾರೂ ಇಲ್ಲ. ಚಿಪ್ಪು ಬಿರುಕು ಬಿಟ್ಟಿದೆಯಾ ನೋಡಿ ಸಾಕು. ಆದರೆ ತುಂಬಾ ಹಳೆಯದಾದರೆ ಬೇರೆ ಮಾತು. ಹೆಲ್ಮೆಟ್ ಪರೀಕ್ಷಿಸುವ ಅಮೆರಿಕದ ಸ್ನೆಲ್ ಸಂಸ್ಥೆ ಐದು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತದೆ. ಬೆವರು, ತಲೆ ಎಣ್ಣೆ, ಬಿಸಿಲು ಎಲ್ಲ ಸೇರಿ ಅಂಟು, ಪ್ಯಾಡ್, ಪಟ್ಟಿ ಹಾಳಾಗುತ್ತವೆ. ಕಾರವಾರದ ಉಪ್ಪುಗಾಳಿಗೆ ಬಕಲ್ಲಿನ ಸ್ಪ್ರಿಂಗ್ ತುಕ್ಕು ಹಿಡಿಯುವುದನ್ನು ದಿನಾ ನೋಡುತ್ತೇನೆ.

ಕನ್ನಡಿ ಕಡ್ಡಿಗೆ ಹೆಲ್ಮೆಟ್ ಸಿಕ್ಕಿಸಿ ಇಡುವವರೇ, ಆ ಕಡ್ಡಿ ದಿನಾ ಒಂದೇ ಜಾಗದಲ್ಲಿ ಥರ್ಮೊಕೋಲಿಗೆ ಗುಳಿ ಮಾಡುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕುಮಟೆ ಸಿಸ್ಟರ್

ತುರ್ತು ವಿಭಾಗದಲ್ಲಿ ಕೆಲಸ ಮಾಡಿದವಳಾಗಿ ಎರಡು ಮಾತು. ಬುರುಡೆ ಒಡೆಯದೆಯೂ ಮಿದುಳಿಗೆ ಏಟಾಗುತ್ತದೆ. ಬುರುಡೆ ನಿಂತರೂ ಒಳಗಿನ ಮಿದುಳು ಮುಂದಕ್ಕೆ ಹೋಗುತ್ತದೆ. ಬಿದ್ದ ಮೇಲೆ ಚೆನ್ನಾಗಿ ಮಾತಾಡುತ್ತಾ ಚಾ ಕುಡಿದವರು ಕೆಲವು ತಾಸಿನ ನಂತರ ವಾಂತಿ, ಮಂಪರು ಅಂತ ಬಂದದ್ದು ಇದೆ. ಒಳಗೆ ನಿಧಾನ ರಕ್ತ ಸೇರುತ್ತಿರುತ್ತದೆ. ಘಟ್ಟದ ಮೇಲಿನವರೇ, ತಲೆನೋವು ಜಾಸ್ತಿ ಆದರೆ ಮತ್ತೆ ತೋರಿಸಿ.

ಎರಡನೆಯದು ಬಕಲ್. ಹೆಲ್ಮೆಟ್ ಬೈಕ್ ಹತ್ತಿರ ಬಿದ್ದಿರುತ್ತದೆ, ಮನುಷ್ಯ ಹತ್ತು ಮಾರು ಆಚೆ. ಪಟ್ಟಿ ಹಾಕಿರುವುದಿಲ್ಲ, ಇಲ್ಲಾ ಗಲ್ಲದ ಕೆಳಗೆ ನಾಲ್ಕು ಬೆರಳು ಸಡಿಲ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆ ಎತ್ತಿ ಮುಂದಕ್ಕೆ ಉರುಳಿಸಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಸೈಜ್ ಅಲ್ಲ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಅದರಲ್ಲಿ 50,029 ಜನ ಹೆಲ್ಮೆಟ್ ಇಲ್ಲದವರು. ಕೇಂದ್ರ ಸಾರಿಗೆ ಇಲಾಖೆಯದೇ ಲೆಕ್ಕ. ಹಿಂದೆ ಕೂತವರೂ ಅದರಲ್ಲಿ ಇದ್ದಾರೆ.

ಅಂಕೋಲೆ ಹುಡುಗ

ಮಾಸ್ತರರೇ, ಒಂದು ಡೌಟು. ಹೆಲ್ಮೆಟ್ ಟೆಸ್ಟ್ ಮಾಡೋದು ಗಂಟೆಗೆ 27 ಕಿಲೋಮೀಟರ್ ಸ್ಪೀಡಿನಲ್ಲಿ ಅಂತ ಓದಿದೆ. ನಾವು ಹೈವೇಯಲ್ಲಿ 80ರಲ್ಲಿ ಹೋಗ್ತೇವೆ. ಹಾಗಾದ್ರೆ ಏನು ಪ್ರಯೋಜನ?

ಮಾಸ್ತರ್ (ಕಾರವಾರ)

ಒಳ್ಳೆ ಪ್ರಶ್ನೆ. ಯುರೋಪಿನಲ್ಲಿ ಬೈಕ್ ಹೆಲ್ಮೆಟ್ಟಿಗೆ ಇದ್ದ ಹಿಂದಿನ ಇಸಿಇ 22.05 ಮಾನದಂಡದಲ್ಲಿ ಲೋಹದ ತಲೆಗೆ ಹೆಲ್ಮೆಟ್ ತೊಡಿಸಿ ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಕಬ್ಬಿಣದ ಅಡಿಗಲ್ಲಿಗೆ ಬಡಿಸುತ್ತಿದ್ದರು. ಅದು 27 ಕಿಲೋಮೀಟರ್ ವೇಗವೇ. ಬೀಳುವ ಎತ್ತರದ ಲೆಕ್ಕದಲ್ಲಿ ಸುಮಾರು 2.9 ಮೀಟರ್. ಒಳಗಿನ ತಲೆಗೆ ಯಾವ ಕ್ಷಣದಲ್ಲೂ 275 ಜಿ ದಾಟಬಾರದಿತ್ತು.

ಈಗ ನಿಮ್ಮ 80. ಬೈಕ್ ಜಾರಿದಾಗ ಆ 80 ರಸ್ತೆಗೆ ಸಮಾನಾಂತರವಾಗಿ ಇರುತ್ತದೆ. ರಸ್ತೆಯ ಕಡೆಗೆ ತಲೆ ಹೋಗುವ ವೇಗ ಬೀಳುವ ಎತ್ತರದಿಂದ ಬರುತ್ತದೆ. ಒಂದೂವರೆ ಮೀಟರಿಂದ ಬಿದ್ದರೆ ಗಂಟೆಗೆ 20 ಕಿಲೋಮೀಟರ್ ಒಳಗೇ. ಉಳಿದದ್ದು ಜಾರುತ್ತಾ, ತರಚುತ್ತಾ ಕಳೆಯುತ್ತದೆ. ಹಾಗಾಗಿ ಪರೀಕ್ಷೆಯ ವೇಗ ಅಷ್ಟು ಹಾಸ್ಯಾಸ್ಪದ ಅಲ್ಲ. ಆದರೆ 80ರಲ್ಲಿ ಸೀದಾ ನಿಂತ ಲಾರಿಯ ಹಿಂಬದಿಗೆ ತಲೆ ಕೊಟ್ಟರೆ ಯಾವ ಹೆಲ್ಮೆಟ್ಟೂ ಉಳಿಸುವುದಿಲ್ಲ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಥರ್ಮೊಕೋಲ್ ದಪ್ಪ ಅಷ್ಟೇ ಇರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಜೋರು ಪೆಟ್ಟಿಗೆ ಅಂತ ಥರ್ಮೊಕೋಲನ್ನು ಗಟ್ಟಿ ಮಾಡಿದರೆ, ಸಣ್ಣ ಪೆಟ್ಟಿಗೆ ಅದು ಜಜ್ಜುವುದೇ ಇಲ್ಲ. ನಮ್ಮ ಊರಿನ ಬಹುಪಾಲು ಬೀಳುವಿಕೆ ಸಣ್ಣ ವೇಗದ್ದು. ಅದಕ್ಕೇ ಅದರ ನಂತರ ಬಂದ 22.06 ಮಾನದಂಡದಲ್ಲಿ ಸೆಕೆಂಡಿಗೆ 6 ಮೀಟರ್ ಮತ್ತು 8.2 ಮೀಟರ್, ಎರಡೂ ಪರೀಕ್ಷೆ ಸೇರಿಸಿದರು. ಜೊತೆಗೆ ಓರೆಯಾಗಿ ಬಡಿಸಿ ತಲೆ ಎಷ್ಟು ತಿರುಗುತ್ತದೆ ಅಂತ ಅಳೆಯುವ ಪರೀಕ್ಷೆಯೂ ಬಂತು.

ಕುಮಟೆ ಸಿಸ್ಟರ್

ಓರೆ ಪೆಟ್ಟು ತುಂಬಾ ಮುಖ್ಯ. ತಲೆ ಗಿರ್ರನೆ ತಿರುಗಿದಾಗ ಮಿದುಳಿನ ಎಳೆಗಳು ಜಗ್ಗಿಹೋಗುತ್ತವೆ. ಸ್ಕ್ಯಾನ್‌ನಲ್ಲಿ ದೊಡ್ಡದೇನೂ ಕಾಣದೆ ಮನುಷ್ಯ ಎಚ್ಚರವೇ ಆಗದ ಕೇಸುಗಳು ಇಂಥವು.

ಮಾಸ್ತರ್ (ಕಾರವಾರ)

ಹೌದು ಸಿಸ್ಟರ್. ಸ್ವೀಡನ್ನಿನವರು ಅದಕ್ಕೆ ಮಿಪ್ಸ್ ಅಂತ ಮಾಡಿದ್ದಾರೆ. ತಲೆಗೂ ಥರ್ಮೊಕೋಲಿಗೂ ನಡುವೆ ಜಾರುವ ತೆಳು ಪದರ. ಓರೆ ಪೆಟ್ಟು ಬಿದ್ದಾಗ ಹೆಲ್ಮೆಟ್ 10–15 ಮಿಲಿಮೀಟರ್ ಜರುಗುತ್ತದೆ, ತಲೆ ಅಷ್ಟು ತಿರುಗುವುದಿಲ್ಲ. ಸ್ಟಾಕ್‌ಹೋಮ್‌ನ ನರಶಸ್ತ್ರವೈದ್ಯ ಹಾನ್ಸ್ ಫಾನ್ ಹೋಲ್ಸ್ಟ್ ಇದರ ಹಿಂದಿದ್ದವರಲ್ಲಿ ಒಬ್ಬರು.

ಹೆಲ್ಮೆಟ್ ಕಥೆಯಲ್ಲಿ ಮಿದುಳಿನ ವೈದ್ಯರು ಮೊದಲಿಂದಲೂ ಇದ್ದಾರೆ. 1935ರಲ್ಲಿ ಟಿ.ಇ. ಲಾರೆನ್ಸ್, 'ಅರೇಬಿಯಾದ ಲಾರೆನ್ಸ್' ಅಂತ ಹೆಸರಾದ ಬ್ರಿಟಿಷ್ ಸೇನಾಧಿಕಾರಿ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಕೆಲವು ದಿನಗಳಲ್ಲಿ ತೀರಿಕೊಂಡ. ನೋಡಿದ ವೈದ್ಯರಲ್ಲಿ ಮಿದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಇದ್ದರು. ಅವರು ಆಮೇಲೆ ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಕೂತು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಸೇನೆ ಅದೇ ವರ್ಷ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಬ್ರಿಟನ್ನಿನ ಸಾಮಾನ್ಯ ಜನರಿಗೆ ಕಡ್ಡಾಯ ಆಗಲು 1973 ಬರಬೇಕಾಯಿತು. ಜಜ್ಜಿಹೋಗುವ ಒಳಪದರದ ಹೆಲ್ಮೆಟ್ಟಿಗೆ ಅಮೆರಿಕದಲ್ಲಿ ಲೊಂಬಾರ್ಡ್ ಮತ್ತು ಸಂಗಡಿಗರಿಗೆ ಪೇಟೆಂಟ್ ಸಿಕ್ಕಿದ್ದು 1953ರಲ್ಲಿ.

ಸೈಟ್ ಸೇಫ್ಟಿ (ಮಲ್ಲಾಪುರ)

ನಮ್ಮ ಕಡೆ ಕೆಲಸ ಬಿಟ್ಟು ಮನೆಗೆ ಹೋಗುವಾಗ ಸೈಟಿನ ಹಳದಿ ಟೋಪಿಯನ್ನೇ ಹಾಕಿಕೊಂಡು ಬೈಕ್ ಓಡಿಸುವವರು ಬಹಳ. ಪೊಲೀಸ್ ನೋಡಿದರೆ ಹೆಲ್ಮೆಟ್ ಅನ್ನಬಹುದು ಅಂತ. ಅದು ಬೇರೆಯೇ ಸಾಮಾನು ಮಾರಾಯ್ರೆ. ಅದರಲ್ಲಿ ಥರ್ಮೊಕೋಲ್ ಇಲ್ಲ. ಒಳಗೆ ಪಟ್ಟಿಗಳ ತೊಟ್ಟಿಲು, ಚಿಪ್ಪಿಗೂ ನೆತ್ತಿಗೂ ನಡುವೆ ಖಾಲಿ ಜಾಗ. ಮೇಲಿಂದ ಏನಾದರೂ ಬಿದ್ದರೆ ಪಟ್ಟಿ ಜಗ್ಗಿ ಪೆಟ್ಟು ತಿನ್ನುತ್ತದೆ. ಪಕ್ಕದಿಂದ, ಹಿಂದಿನಿಂದ ಬಿದ್ದ ಪೆಟ್ಟಿಗೆ ಹೆಚ್ಚೇನೂ ಇಲ್ಲ. ನಮ್ಮ ದೇಶದ ಮಾನದಂಡ ಇದಕ್ಕೆ ಐಎಸ್ 2925, ಬೈಕಿನದಕ್ಕೆ ಐಎಸ್ 4151. ಎರಡು ಬೇರೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಯುರೋಪಿನ ಇಎನ್ 397 ಮಾನದಂಡದ 2012ರ ಆವೃತ್ತಿ ಪ್ರಕಾರ ಸೈಟ್ ಟೋಪಿಯ ಗಲ್ಲದ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ತಾನೇ ಬಿಟ್ಟುಕೊಳ್ಳಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯಬಾರದು ಅಂತ. ಅಂದರೆ ಸುಮಾರು 15–25 ಕೆಜಿ ಎಳೆತ. ಬೈಕಿನಿಂದ ಬಿದ್ದಾಗ ಅದು ತಲೆ ಮೇಲೆ ಉಳಿಯುವುದೇ ಇಲ್ಲ.

ತೋಟದ ಹೆಗಡೆ (ಸಿದ್ದಾಪುರ)

ಈ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮಲ್ಲಿ ಮಳೆ ಮುಗಿದ ಮೇಲೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಹೊತ್ತು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಹೆಲ್ಮೆಟ್ ಕೊಡಿಸಬೇಕು ಅಂತ ಮನೆಯಲ್ಲಿ ಮಗ ಹಟ ಹಿಡಿದಿದ್ದಾನೆ. ಅಡಿಕೆ ಮರ 15 ಮೀಟರ್ ಇದೆ. ಮೇಲೆಯೇ ಮರದಿಂದ ಮರಕ್ಕೆ ಜಗ್ಗಿ ಹೋಗುತ್ತಾನೆ. ಕೆಳಗೆ ಹಗ್ಗ ಹಿಡಿಯುವವನಿಗೂ ಬೇಕಾ?

ಮಾಸ್ತರ್ (ಕಾರವಾರ)

ಮೇಲಿನ ಲೆಕ್ಕವನ್ನೇ ಹಾಕಿ. 15,000 ಮಿಲಿಮೀಟರ್ ಭಾಗಿಸು 25. 600 ಜಿ. ಬೈಕಿನ ಒಳ್ಳೆಯ ಹೆಲ್ಮೆಟ್ ಹಾಕಿ ಮರದಿಂದ ಬಿದ್ದರೂ ತಲೆಗೆ ಸಿಗುವುದು ಇಷ್ಟು. ನಿಜವಾಗಿ ಇನ್ನೂ ಕೆಟ್ಟದು, ಅಷ್ಟರೊಳಗೆ ಥರ್ಮೊಕೋಲ್ ತಳ ಮುಟ್ಟಿರುತ್ತದೆ. ಮೇಲಾಗಿ ಬೆನ್ನುಮೂಳೆಯನ್ನು ಹೆಲ್ಮೆಟ್ ಏನು ಮಾಡೀತು? ಮೇಲಿನವನಿಗೆ ಬೇಕಾದದ್ದು ಬೀಳದಂತೆ ಹಿಡಿಯುವ ಸೊಂಟದ ಬೆಲ್ಟು, ಹಗ್ಗ. ಇಲ್ಲಾ ಕೆಳಗೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ.

ಸೈಟ್ ಸೇಫ್ಟಿ (ಮಲ್ಲಾಪುರ)

ಕೆಳಗಿನವನಿಗೆ ಟೋಪಿ ಕೊಡಿಸಿ, ಆದರೆ ಅದನ್ನು ನಂಬಿ ಕೊನೆ ಬೀಳುವ ಜಾಗದಲ್ಲಿ ನಿಲ್ಲಬಾರದು. ಇಎನ್ 397ರ ಪರೀಕ್ಷೆಯಲ್ಲಿ 5 ಕೆಜಿ ತೂಕವನ್ನು 1 ಮೀಟರಿಂದ ಬೀಳಿಸುತ್ತಾರೆ, 49 ಜೂಲ್. ಒಂದೂವರೆ ಕೆಜಿ ತೆಂಗಿನಕಾಯಿ 12 ಮೀಟರಿಂದ ಬಿದ್ದರೆ 176 ಜೂಲ್. ಮೂರು ಪಟ್ಟಿಗಿಂತ ಜಾಸ್ತಿ. ಬಿಡಿ ಅಡಿಕೆ, ಹಾಳೆ, ಜಾರಿದ ಕತ್ತಿ, ಇಂಥದಕ್ಕೆ ಟೋಪಿ ನಿಜಕ್ಕೂ ಉಪಯೋಗ. ಪೂರ್ತಿ ಕೊನೆ ನೆತ್ತಿಗೆ ಬಿದ್ದರೆ ಟೋಪಿ ಮಾತ್ರ ಸಾಲದು.

ತೋಟದ ಹೆಗಡೆ (ಸಿದ್ದಾಪುರ)

ದೋಟಿಯ ರೇಟು ಕೇಳಿ ಒಮ್ಮೆ ಅಲ್ಲೇ ಕೂತುಬಿಟ್ಟಿದ್ದೆ. ಮತ್ತೆ ವಿಚಾರಿಸುತ್ತೇನೆ. ಬೆಲ್ಟು ಮೊದಲು ತರುತ್ತೇನೆ, ಗೌಡ ಹಾಕಿಕೊಳ್ಳಲು ಒಪ್ಪಬೇಕು ಅಷ್ಟೇ.

ಘಟ್ಟದ ಮೇಲಿನವ (ಶಿರಸಿ)

ಹೊಸದು ತಂದಾಯಿತು. ಈಗ ನಮ್ಮ ಘಟ್ಟದ ಮೇಲಿನ ಸಮಸ್ಯೆ. ಆಷಾಢ ಮುಗಿಯುವವರೆಗೆ ಹೆಲ್ಮೆಟ್ ಒಣಗುವುದೇ ಇಲ್ಲ. ಬೂಸ್ಟು ಬಂದು ವಾಸನೆ. ಮನೆಯಲ್ಲಿ ಅಮ್ಮ ಬಚ್ಚಲ ಒಲೆ ಮೇಲೆ ಬಟ್ಟೆ ಜೊತೆ ತೂಗುಹಾಕುತ್ತಾಳೆ. ಪರವಾಗಿಲ್ಲವಾ?

ಮಾಸ್ತರ್ (ಕಾರವಾರ)

ಅಯ್ಯೋ, ಬೇಡ. ಇಪಿಎಸ್ ನೀರಿಗೆ ಹೆದರುವುದಿಲ್ಲ, ಬಿಸಿಗೆ ಹೆದರುತ್ತದೆ. ನೀರು ಕುದಿಯುವ ಬಿಸಿಗಿಂತ ಮೊದಲೇ ಮೆತ್ತಗಾಗಿ ಕುಗ್ಗಲು ಶುರುವಾಗುತ್ತದೆ. ಪ್ಯಾಡ್ ಬಿಚ್ಚಲು ಬಂದರೆ ಬಿಚ್ಚಿ, ಸೌಮ್ಯ ಸೋಪಿನಲ್ಲಿ ತೊಳೆದು, ಪ್ಯಾಡ್ ಮಾತ್ರ ಒಲೆಯ ಹತ್ತಿರ ಒಣಗಿಸಿ. ಹೆಲ್ಮೆಟ್ಟನ್ನು ಫ್ಯಾನ್ ಕೆಳಗೆ ಇಡಿ, ಒಳಗೆ ಪೇಪರ್ ತುರುಕಿ.

ಬೂಸ್ಟಿಗೆ ಅಂತ ನುಸಿಗುಳಿಗೆ ಹಾಕಿಡಬೇಡಿ, ಅದರ ಆವಿ ಪಾಲಿಸ್ಟೈರಿನ್ನನ್ನು ಮೆತ್ತಗೆ ಮಾಡಬಲ್ಲದು. ಪೆಟ್ರೋಲ್, ಥಿನ್ನರ್ ಅಂತೂ ಹತ್ತಿರ ತರಬೇಡಿ. ಥರ್ಮೊಕೋಲ್ ತುಂಡಿನ ಮೇಲೆ ಒಂದಿಷ್ಟು ಪೆಟ್ರೋಲ್ ಹನಿಸಿ ನೋಡಿ, ಕಣ್ಣೆದುರೇ ಕರಗುತ್ತದೆ. ಮೊದಲ ದಿನ "ಪೇಂಟ್ ಹೊಡೆಸಿ" ಅಂದವರ ಸಲಹೆಯಲ್ಲಿ ಈ ಅಪಾಯವೂ ಇತ್ತು. ಪೇಂಟಿನ ದ್ರಾವಕ ಪಾಲಿಕಾರ್ಬೊನೇಟ್ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಬಿರುಕು ಎಬ್ಬಿಸುತ್ತದೆ.

ಹೊನ್ನಾವರ ಅಂಗಡಿ

ಮಾರುವವನ ಕಡೆಯಿಂದಲೂ ಕೇಳಿ. ರಸ್ತೆ ಬದಿ 200 ರೂಪಾಯಿಗೆ ಸಿಗುವುದರ ಒಳಗೆ ಬೆರಳು ಹಾಕಿ ನೋಡಿ. ಎಷ್ಟೋ ಸಲ ಥರ್ಮೊಕೋಲ್ ಒಂದು ಸೆಂಟಿಮೀಟರೂ ಇರುವುದಿಲ್ಲ, ಇಲ್ಲಾ ಬರೀ ಸ್ಪಂಜು. ಐಎಸ್‌ಐ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸುತ್ತಾರೆ. ಅಸಲಿ ಗುರುತಿನ ಮೇಲೆ ಐಎಸ್ 4151 ಅಂತ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಆ ನಂಬರನ್ನು, ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಕಂಪನಿ ಹೆಸರು ಬರಬೇಕು. 2021ರ ಜೂನ್ 1ರಿಂದ ಈ ಗುರುತು ಇಲ್ಲದ ಬೈಕ್ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ.

ದುಬಾರಿಯದೇ ಬೇಕು ಅಂತ ನಾನು ಹೇಳುವುದಿಲ್ಲ. ಸಾವಿರ ಚಿಲ್ಲರೆಯ ಅಸಲಿ ಹೆಲ್ಮೆಟ್ ನಿಮ್ಮ ತಲೆಗೆ ಸರಿಯಾಗಿ ಕೂತರೆ, ಸಡಿಲ ಕೂತ ಹತ್ತು ಸಾವಿರದ್ದಕ್ಕಿಂತ ಮೇಲು.

ಕುಮಟೆ ಸಿಸ್ಟರ್

ಅಂಗಡಿಯಣ್ಣ, ಮಕ್ಕಳದು ಇದೆಯಾ? ನನ್ನ ತಂಗಿ ಮೂರು ವರ್ಷದ ಮಗಳನ್ನು ಸ್ಕೂಟಿಯಲ್ಲಿ ಅಂಗನವಾಡಿಗೆ ಬಿಡುತ್ತಾಳೆ.

ಹೊನ್ನಾವರ ಅಂಗಡಿ

ಇದೆ ಅಕ್ಕಾ. 2023ರ ಫೆಬ್ರವರಿಯಿಂದ 9 ತಿಂಗಳಿಂದ 4 ವರ್ಷದ ಮಕ್ಕಳಿಗೂ ಹೆಲ್ಮೆಟ್ ಮತ್ತು ಸವಾರರಿಗೆ ಕಟ್ಟಿಕೊಳ್ಳುವ ಸುರಕ್ಷಾ ಬೆಲ್ಟು ಕಡ್ಡಾಯ. ಗಾಡಿ 40 ದಾಟಬಾರದು. ದೊಡ್ಡವರ ಹೆಲ್ಮೆಟ್ಟಿಗೆ ಬಟ್ಟೆ ತುರುಕಿ ಹಾಕಬೇಡಿ, ಕುತ್ತಿಗೆಗೆ ಭಾರ. ಬೆಳೆಯುವ ಮಗು ಅಂತ ಒಂದು ಸೈಜ್ ದೊಡ್ಡದೂ ಬೇಡ. ಹುಬ್ಬಿನ ಸ್ವಲ್ಪ ಮೇಲಿಂದ ತಲೆಯ ಸುತ್ತಳತೆ ಟೇಪಿನಲ್ಲಿ ಅಳೆದು ಸೆಂಟಿಮೀಟರ್ ಹೇಳಿ. ಮಗುವನ್ನೂ ಕರೆತಂದರೆ ಇನ್ನೂ ಒಳ್ಳೆಯದು, ಹಾಕಿ ಅಲ್ಲಾಡಿಸಿ ನೋಡಿಯೇ ಕೊಡುತ್ತೇನೆ.